ತಪ್ಪು ಮಾಡಿದ ಹುಡುಗನ ವಯಸ್ಸೆಷ್ಟು?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರಲ್ಲಿ ಒಂದು ಸರ್ಕಾರ ಅಸ್ತಿತ್ವಕ್ಕೆ ಬಂದಿತ್ತು. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಬಿಸಿ ಮಲೆನಾಡಿನ ಅಂಚಿಗೂ ತಟ್ಟಿದ್ದ ದಿನಗಳವು. ಇನ್ನು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ, ತಮ್ಮ ಊರನ್ನು ತಾವೇ ಆಳಿಕೊಳ್ಳುತ್ತೇವೆ ಎಂದು ಊರವರು ಸಾರಿದರು. ಸಾಹುಕಾರ್ ಬಸವಣ್ಯಪ್ಪ ಅದರ ಮುಂದಾಳು. ಆದರೆ ಆ ಸರ್ಕಾರದ ಅಮಲ್ದಾರನಾಗಿ ನೇಮಕಗೊಂಡವನು ಜಯಣ್ಣನೆಂಬ ಹುಡುಗ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದವನು ಮಲ್ಲಪ್ಪನೆಂಬ ಇನ್ನೊಬ್ಬ ಹುಡುಗ.

ಊರಲ್ಲಿ ದೊಡ್ಡವರಿರಲಿಲ್ಲವೇ? ಇದ್ದರು. ಹುಡುಗರನ್ನೇ ಆರಿಸಿದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು ಎಂದು ಈಸೂರಿನ ಕಥೆಯನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಮೀಸೆ ಮೂಡದ ಹುಡುಗರನ್ನು ಸರ್ಕಾರ ಹಿಡಿದು ಜೈಲಿಗೆ ತಳ್ಳಲಾರದು ಎಂಬುದೇ ಆ ಲೆಕ್ಕಾಚಾರ. ಆ ಹುಡುಗರಿಗೆ ಆಗ ಎಷ್ಟು ವಯಸ್ಸಾಗಿತ್ತು ಎಂಬುದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹತ್ತು, ಹನ್ನೆರಡು, ಹದಿನಾರು ಎಂದೆಲ್ಲ ಲೆಕ್ಕ ಸಿಗುತ್ತದೆ.

ಆ ಪ್ರಯೋಗದ ಕೊನೆ ದಾರುಣವಾಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪೊಲೀಸರೊಂದಿಗೆ ಊರಿಗೆ ಬಂದ ನಿಜವಾದ ಅಮಲ್ದಾರರು ಮತ್ತು ನಿಜವಾದ ಸಬ್ ಇನ್‌ಸ್ಪೆಕ್ಟರ್ ಘರ್ಷಣೆಯಲ್ಲಿ ಪ್ರಾಣ ಕಳೆದುಕೊಂಡರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಸ್ವಾತಂತ್ರ್ಯ ಹೋರಾಟದ ಪುಟಗಳಲ್ಲಿ ಈಸೂರಿಗೆ ಸಿಗುವ ಸ್ಥಾನ ಆ ಐವರ ಬಲಿದಾನದ್ದು. ಆದರೆ ಆ ಕಥೆಯೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಹುಡುಗರ ತಪ್ಪನ್ನು ಕಾನೂನು ದೊಡ್ಡವರ ತಪ್ಪಿನಂತೆ ಕಾಣಬಾರದು ಎಂಬ ನಂಬಿಕೆ ಜನರಿಗೆ ಎಲ್ಲಿಂದ ಬಂತು? ಆ ನಂಬಿಕೆಯನ್ನು ಕಾನೂನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ?

ಶಿಕಾರಿಪುರಕ್ಕೆ ಹೊಂದಿಕೊಂಡೇ ಸಾಗರ, ಹೊಸನಗರ ತಾಲ್ಲೂಕುಗಳಿವೆ. ಅವುಗಳ ಆಚೆಗೆ ತೀರ್ಥಹಳ್ಳಿ. ಈ ಮೂರು ತಾಲ್ಲೂಕುಗಳ ಯಾವುದೇ ಪೊಲೀಸ್ ಠಾಣೆಗೆ ಇಂದು ಒಬ್ಬ ಹದಿಹರೆಯದ ಹುಡುಗನನ್ನು ಕರೆತಂದರೂ ಮೊದಲು ಏಳುವ ಪ್ರಶ್ನೆ, ಅವನು ಏನು ಮಾಡಿದ ಎಂಬುದಲ್ಲ. ಅವನ ವಯಸ್ಸೆಷ್ಟು ಎಂಬುದು. ಆ ಒಂದು ಪ್ರಶ್ನೆಗೆ ಸಾವಿರ ವರ್ಷಗಳ ಚರಿತ್ರೆಯಿದೆ.

ಹದಿನಾರರ ಗೆರೆ

ಬಾಲ್ಯಕ್ಕೂ ಪ್ರೌಢತೆಗೂ ನಡುವೆ ಗೆರೆ ಎಳೆಯುವ ಕೆಲಸ ಬ್ರಿಟಿಷರಿಂದ ಆರಂಭವಾದುದಲ್ಲ. ಎಂಟು ವರ್ಷದವರೆಗಿನ ಮಗು ಗರ್ಭಸ್ಥ ಶಿಶುವಿಗೆ ಸಮಾನ, ಹದಿನಾರರವರೆಗೆ ಅವನು ಬಾಲಕ, ಅನಂತರವಷ್ಟೇ ವ್ಯವಹಾರ ಬಲ್ಲವನು ಎಂದು ನಾರದಸ್ಮೃತಿ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡ ನೆಲದಲ್ಲೇ ಕುಳಿತು ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ, ಹದಿನಾರು ತುಂಬದವನಿಗೂ ಎಂಬತ್ತು ದಾಟಿದ ಮುದುಕನಿಗೂ ಅರ್ಧ ಪ್ರಾಯಶ್ಚಿತ್ತ ಸಾಕು ಎಂಬ ಹಳೆಯ ವಚನವನ್ನು ಎತ್ತಿಹೇಳುತ್ತದೆ.

ಇವು ಶಾಸ್ತ್ರದ ಮಾತುಗಳು. ಶಾಸ್ತ್ರ ಜಾತಿಗೊಂದು ಶಿಕ್ಷೆ ಹೇಳುತ್ತಿದ್ದುದನ್ನೂ ಮರೆಯುವಂತಿಲ್ಲ. ಹಳ್ಳಿಗಳಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಊರ ಹಿರಿಯರ ತೀರ್ಮಾನ. ಬುದ್ಧಿಮಾತು, ಒಂದೆರಡು ಏಟು, ದೇವರ ಮುಂದೆ ತಪ್ಪುಕಾಣಿಕೆ, ಅಪ್ಪನ ಕೈಯಿಂದ ದಂಡ, ಇಷ್ಟರಲ್ಲಿ ಹುಡುಗರ ನ್ಯಾಯ ಮುಗಿಯುತ್ತಿತ್ತು. ‘ಹುಡುಗು ಬುದ್ಧಿ’ ಎಂಬ ಒಂದು ಮಾತಿನಲ್ಲಿ ತಪ್ಪೂ ಇದೆ, ಅರ್ಧ ಕ್ಷಮೆಯೂ ಇದೆ. ಆದರೆ ಆ ಕ್ಷಮೆ ಎಲ್ಲರ ಮನೆಯ ಹುಡುಗರಿಗೂ ಸಮನಾಗಿ ಸಿಗುತ್ತಿತ್ತೆಂದು ಹೇಳಲಾಗದು. ಒಡೆಯರ ಮನೆಯ ಹುಡುಗ ಎಳನೀರು ಕದ್ದರೆ ತುಂಟಾಟ, ಕೂಲಿಯವನ ಮಗ ಕದ್ದರೆ ಕಳ್ಳತನ ಎನ್ನುವ ನ್ಯಾಯವೂ ಇದೇ ನೆಲದ್ದು. ಊರ ಮರ್ಜಿಗೆ ಬಿಡದೆ ಎಲ್ಲರಿಗೂ ಒಂದೇ ಅಳತೆಗೋಲು ತರುವ ಹೊಣೆ ಮುಂದೆ ಕಾನೂನಿನ ಪಾಲಿಗೆ ಬಂತು.

ಬೆತ್ತ, ಶಾಲೆ, ಬಾರ್ಸ್ಟಲ್

ಈ ಸೀಮೆಯ ಚರಿತ್ರೆಯಲ್ಲಿ 1830–31ರ ನಗರ ದಂಗೆ ಒಂದು ತಿರುವು. ಇಂದಿನ ಹೊಸನಗರ ತಾಲ್ಲೂಕಿನಲ್ಲಿರುವ ನಗರದ ಸುತ್ತಮುತ್ತ ರೈತರು ಬಂಡೆದ್ದ ಬಳಿಕ, 1831ರಲ್ಲಿ ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಸೇರಿತು. 1881ರವರೆಗೆ ನಡೆದ ಆ ಆಡಳಿತದೊಂದಿಗೆ ಬ್ರಿಟಿಷ್ ಕಾನೂನುಗಳೂ ಇತ್ತ ಕಾಲಿಟ್ಟವು.

1860ರ ಭಾರತೀಯ ದಂಡ ಸಂಹಿತೆ ಎರಡು ಗೆರೆಗಳನ್ನು ಎಳೆಯಿತು. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ತಾನು ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅಪರಾಧವಲ್ಲ. ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಎರಡು ಗೆರೆಗಳು ಹಾಗೆಯೇ ಉಳಿದುಕೊಂಡಿವೆ.

ಹನ್ನೆರಡು ದಾಟಿದವನ ಗತಿ? ಅಲ್ಲಿ ಬೆತ್ತ ಕಾದಿತ್ತು. 1864ರ ಮತ್ತು 1909ರ ಛಡಿಯೇಟಿನ ಕಾಯ್ದೆಗಳು, ಎಳೆಯ ಅಪರಾಧಿಗಳಿಗೆ ಜೈಲುವಾಸದ ಬದಲು ಬೆತ್ತದೇಟು ಕೊಡಿಸಲು ನ್ಯಾಯಾಲಯಗಳಿಗೆ ಅವಕಾಶ ಕೊಟ್ಟಿದ್ದವು. ಇಂದು ಕ್ರೂರವೆನಿಸುವ ಈ ಶಿಕ್ಷೆಯನ್ನು ಅಂದು ದಯೆಯೆಂದೇ ಭಾವಿಸಲಾಗಿತ್ತು. ಜೈಲಿಗೆ ಹೋದ ಹುಡುಗ ಪಳಗಿದ ಕಳ್ಳನಾಗಿ ಹೊರಬರುತ್ತಾನೆ, ಅದಕ್ಕಿಂತ ನಾಲ್ಕು ಏಟು ವಾಸಿ ಎಂಬ ವಾದ. ಛಡಿಯೇಟು ಕಾನೂನಿನ ಪುಸ್ತಕದಿಂದ ಅಳಿದದ್ದು ಸ್ವಾತಂತ್ರ್ಯ ಬಂದು ಎಂಟು ವರ್ಷಗಳಾದ ಮೇಲೆ, 1955ರಲ್ಲಿ.

ಇನ್ನೊಂದು ದಾರಿ ಸುಧಾರಣಾ ಶಾಲೆಯದು. 1876ರಲ್ಲಿ ಬಂದು 1897ರಲ್ಲಿ ಹೊಸ ರೂಪ ಪಡೆದ ಸುಧಾರಣಾ ಶಾಲೆಗಳ ಕಾಯ್ದೆ, ಹದಿನೈದರೊಳಗಿನ ಹುಡುಗರನ್ನು ಜೈಲಿನ ಬದಲು ಕಸುಬು ಕಲಿಸುವ ಶಾಲೆಗೆ ಕಳುಹಿಸಬಹುದೆಂದಿತು. ಅದಕ್ಕಿಂತ ದೊಡ್ಡ ವಯಸ್ಸಿನವರಿಗೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬಾರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ಆರಂಭವಾದ ಮಾದರಿ ಬಂತು. ಹಳ್ಳಿಯ ಹೆಸರೇ ಆ ಬಗೆಯ ಶಾಲೆಗಳ ಹೆಸರಾಯಿತು. ಮುಂಬಯಿ ಪ್ರಾಂತ್ಯ 1929ರಲ್ಲಿ ಬಾರ್ಸ್ಟಲ್ ಕಾಯ್ದೆ ಮಾಡಿತು. ಧಾರವಾಡದಲ್ಲಿ ಬಾರ್ಸ್ಟಲ್ ಶಾಲೆ ನಡೆಯಿತು. ಮೈಸೂರು ಸಂಸ್ಥಾನ ತನ್ನ ಬಾರ್ಸ್ಟಲ್ ಕಾಯ್ದೆಯನ್ನು ಮಾಡಿದ್ದು 1943ರಲ್ಲಿ. ಈಸೂರಿನ ಐವರು ಗಲ್ಲಿಗೇರಿದ್ದೂ ಅದೇ ವರ್ಷ.

ಘಟ್ಟ ಇಳಿದರೆ ಬೇರೆ ಕಾನೂನು

ಅಮೆರಿಕದ ಶಿಕಾಗೋ ನಗರದಲ್ಲಿ 1899ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯವೊಂದು ತೆರೆದದ್ದು ಜಗತ್ತಿನ ಗಮನ ಸೆಳೆಯಿತು. ತಪ್ಪು ಮಾಡಿದ ಮಗುವಿನ ಮುಂದೆ ಸರ್ಕಾರ ಫಿರ್ಯಾದಿಯಂತೆ ನಿಲ್ಲದೆ ತಂದೆಯಂತೆ ನಿಲ್ಲಬೇಕು ಎಂಬುದು ಅದರ ಹಿಂದಿದ್ದ ತತ್ವ. ಭಾರತದ ಜೈಲುಗಳ ಸ್ಥಿತಿಗತಿ ಪರಿಶೀಲಿಸಿದ 1919–20ರ ಸಮಿತಿಯೂ ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂದು ಶಿಫಾರಸು ಮಾಡಿತು. ಮದರಾಸ್ ಪ್ರಾಂತ್ಯ 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಮಕ್ಕಳ ಕಾಯ್ದೆಗಳನ್ನು ಮಾಡಿದವು.

ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ತೀರ್ಥಹಳ್ಳಿಯವರು ಆಗುಂಬೆ ಘಟ್ಟ ಇಳಿದರೆ ಮದರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಸಾಗರದವರು ಗೇರುಸೊಪ್ಪೆ ಘಟ್ಟ ಇಳಿದರೆ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ. ಒಂದೇ ಭಾಷೆ ಆಡುವ, ಒಂದೇ ವಯಸ್ಸಿನ ಇಬ್ಬರು ಹುಡುಗರು ಒಂದೇ ತಪ್ಪು ಮಾಡಿದರೂ, ಘಟ್ಟದ ಮೇಲಿನವನಿಗೆ ಒಂದು ಕಾನೂನು, ಕೆಳಗಿನವನಿಗೆ ಇನ್ನೊಂದು. 1956ರ ಏಕೀಕರಣದ ನಂತರ, 1964ರಲ್ಲಿ ಬಂದ ಮಕ್ಕಳ ಕಾಯ್ದೆ ಈ ಅಸಮಾನತೆಯನ್ನು ತೊಡೆಯಿತು. ರಾಜ್ಯದ ಹೆಸರು ಬದಲಾದ ಬಳಿಕ ಅದೇ ಕರ್ನಾಟಕ ಮಕ್ಕಳ ಕಾಯ್ದೆ ಎನಿಸಿತು. ‘ರಿಮ್ಯಾಂಡ್ ಹೋಂ’ ಎಂಬ ಹೆಸರು ಹಳ್ಳಿಯ ಮಕ್ಕಳನ್ನು ಹೆದರಿಸುವ ಮಾತಾಗಿ ಮನೆಮನೆಗೆ ಹೊಕ್ಕಿದ್ದು ಇಂಥ ಕಾನೂನುಗಳ ಕಾಲದಲ್ಲೇ.

ತಂದೆಯಂತೆ ನಿಲ್ಲುವ ಸರ್ಕಾರದ ತತ್ವಕ್ಕೂ ಒಂದು ಕೊರತೆಯಿತ್ತು. ಅಮೆರಿಕದ ಅರಿಜೋನ ರಾಜ್ಯದ ಗಾಲ್ಟ್ ಎಂಬ ಹದಿನೈದರ ಹುಡುಗ, ಪಕ್ಕದ ಮನೆಯಾಕೆಗೆ ಫೋನಿನಲ್ಲಿ ಅಸಭ್ಯವಾಗಿ ಮಾತನಾಡಿದನೆಂಬ ಆರೋಪಕ್ಕೆ ಗುರಿಯಾದ. ವಕೀಲರಿಲ್ಲದೆ, ದೂರು ಕೊಟ್ಟಾಕೆಯನ್ನೂ ಕರೆಸದೆ ವಿಚಾರಣೆ ಮುಗಿಯಿತು. ಇಪ್ಪತ್ತೊಂದು ತುಂಬುವವರೆಗೂ ಇರಿಸಿಕೊಳ್ಳಬಹುದಾದ ಸುಧಾರಣಾ ಶಾಲೆಗೆ ಅವನನ್ನು ಕಳುಹಿಸಲಾಯಿತು. ದೊಡ್ಡವನೊಬ್ಬ ಇದೇ ತಪ್ಪು ಮಾಡಿದ್ದರೆ ಸಿಗುತ್ತಿದ್ದುದು ಸಣ್ಣ ದಂಡ ಅಥವಾ ಎರಡು ತಿಂಗಳ ಜೈಲು. 1967ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಮಕ್ಕಳಿಗೂ ವಕೀಲರ ನೆರವು, ಆರೋಪ ತಿಳಿಯುವ ಹಕ್ಕು ಇದೆ ಎಂದಿತು. ಮಗುವಿಗೆ ಸಿಗಬೇಕಾದದ್ದು ಕರುಣೆ ಮಾತ್ರವಲ್ಲ, ನ್ಯಾಯವೂ ಹೌದು ಎಂಬ ಪಾಠವನ್ನು ಉಳಿದ ದೇಶಗಳೂ ನಿಧಾನವಾಗಿ ಕಲಿತವು.

ಜೈಲಿನಲ್ಲಿ ಮಕ್ಕಳು

ಕಾಯ್ದೆಗಳು ಇದ್ದರೂ ಮಕ್ಕಳು ಜೈಲಿಗೆ ಹೋಗುವುದು ತಪ್ಪಿರಲಿಲ್ಲ. ದೇಶದ ಹಲವು ಜೈಲುಗಳಲ್ಲಿ ಎಳೆಯರು ಪಳಗಿದ ಕೈದಿಗಳ ಜೊತೆ ಕೊಳೆಯುತ್ತಿರುವುದನ್ನು ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನ ಮುಂದಿಟ್ಟರು. 1986ರಲ್ಲಿ ಆ ಮೊಕದ್ದಮೆಯಲ್ಲಿ ನ್ಯಾಯಾಲಯ, ಮಕ್ಕಳ ಜಾಗ ಜೈಲಲ್ಲ ಎಂಬುದನ್ನು ಸ್ಪಷ್ಟಪಡಿಸಿತು. ರಾಜ್ಯಕ್ಕೊಂದು ಕಾಯ್ದೆ ಇರುವ ಬದಲು ದೇಶಕ್ಕೆಲ್ಲ ಒಂದು ಕಾನೂನು ಬೇಕೆಂದಿತು. ಅದೇ ವರ್ಷ ಸಂಸತ್ತು ಬಾಲ ನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು. 1987ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಅದು ಜಾರಿಗೆ ಬಂತು.

ಆ ಕಾಯ್ದೆಯ ಪ್ರಕಾರ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ತುಂಬುವವರೆಗೆ ರಕ್ಷಣೆ. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಅದರ ಪ್ರಕಾರ ಹದಿನೆಂಟರೊಳಗಿನವರೆಲ್ಲ ಮಕ್ಕಳೇ. ಹಾಗಾಗಿ 2000ದ ಹೊಸ ಕಾಯ್ದೆ ಹುಡುಗರ ವಯೋಮಿತಿಯನ್ನೂ ಹದಿನೆಂಟಕ್ಕೆ ಏರಿಸಿತು. ‘ಬಾಲಾಪರಾಧಿ’ ಎಂಬ ಮಾತನ್ನು ಕೈಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ’ ಬಾಲಕ ಎಂದಿತು. ನ್ಯಾಯಾಧೀಶರೊಬ್ಬರೇ ತೀರ್ಮಾನಿಸುವ ಬದಲು, ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಕೂಡಿ ಕೂರುವ ಬಾಲ ನ್ಯಾಯ ಮಂಡಳಿ ಬಂತು. ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು.

ಕೆಲವೇ ತಿಂಗಳ ಅಂತರ

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಪೈಶಾಚಿಕ ಕೃತ್ಯ ಈ ಹಾದಿಗೆ ದೊಡ್ಡ ಅಡ್ಡಿಯಾಗಿ ಬಂತು. ಆರು ಮಂದಿ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಅವನಿಗೆ ಸಿಕ್ಕಿದ್ದು ಮೂರು ವರ್ಷಗಳ ವಿಶೇಷ ಗೃಹವಾಸ. ದೇಶದೆಲ್ಲೆಡೆ ಜನ ಕೆರಳಿದರು. ವಯೋಮಿತಿ ಇಳಿಸಬೇಕಿಲ್ಲ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ವಯೋಮಿತಿಯನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ವಜಾ ಮಾಡಿತು. ಆದರೆ 2015ರ ಡಿಸೆಂಬರ್‌ನಲ್ಲಿ ಅವನ ಬಿಡುಗಡೆಯಾದ ಬೆನ್ನಿಗೇ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಜಾರಿಯಲ್ಲಿರುವ ಕಾಯ್ದೆ ಅದೇ.

ಈ ಕಾಯ್ದೆ ಹದಿನೆಂಟರ ಗೆರೆಯನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲಿ ಹದಿನಾರರ ಹಳೆಯ ಗೆರೆಯನ್ನು ಮತ್ತೆ ಎಳೆಯಿತು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪ ಹದಿನಾರು ತುಂಬಿದವನ ಮೇಲೆ ಬಂದರೆ, ಮಂಡಳಿ ಮೊದಲು ಒಂದು ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಅಪರಾಧ ಮಾಡುವ ದೈಹಿಕ, ಮಾನಸಿಕ ಶಕ್ತಿ ಅವನಿಗಿತ್ತೇ, ಪರಿಣಾಮ ಅರಿವಾಗುವಷ್ಟು ಬುದ್ಧಿಯಿತ್ತೇ, ಎಂಥ ಸಂದರ್ಭದಲ್ಲಿ ಅದು ನಡೆಯಿತು ಎಂದು ನೋಡಬೇಕು. ಅಗತ್ಯವೆನಿಸಿದರೆ ದೊಡ್ಡವನಂತೆ ವಿಚಾರಣೆ ಎದುರಿಸಲು ಅವನನ್ನು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಆಗಲೂ ಮರಣದಂಡನೆಯಾಗಲಿ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ. ಒಂದು ದಿನ ಒಬ್ಬ ಹುಡುಗ ಮಾಡಿದ ಕೃತ್ಯದ ವೇಳೆ ಅವನ ಮನಸ್ಸು ಹೇಗಿತ್ತೆಂದು ಅಳೆಯುವುದು ಸುಲಭದ ಕೆಲಸವಲ್ಲ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು.

ವಯಸ್ಸಿಗೆ ಇಷ್ಟು ಬೆಲೆ ಬಂದಾಗ ಅದರ ಸಾಕ್ಷ್ಯಕ್ಕೂ ಬೆಲೆ ಬರುತ್ತದೆ. ಕಾನೂನು ಮೊದಲು ಕೇಳುವುದು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿಯ ಪ್ರಮಾಣಪತ್ರ. ಅದಿಲ್ಲವಾದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲವಾದರೆ ಮಾತ್ರ ವೈದ್ಯರಿಂದ ಮೂಳೆ ಪರೀಕ್ಷೆ. ಅಪರಾಧ ನಡೆದ ದಿನದ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬುದು 2005ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇತ್ಯರ್ಥವಾಗಿದೆ. ಹಳ್ಳಿಯ ಶಾಲೆಯಲ್ಲಿ ಮಗುವನ್ನು ಸೇರಿಸುವಾಗ ಅಪ್ಪನಿಗೆ ತಾರೀಕು ನೆನಪಿರದಿದ್ದರೆ, ಮೇಷ್ಟ್ರೇ ಲೆಕ್ಕ ಹಾಕಿ ಜೂನ್ 1 ಎಂದು ಬರೆದುಬಿಡುತ್ತಿದ್ದ ಕಾಲವೊಂದಿತ್ತು. ಅಡಿಕೆ ಕೊಯ್ಲಿನ ಹೊತ್ತಿಗೆ ಹುಟ್ಟಿದವನು, ದೊಡ್ಡ ಮಳೆಗೆ ಹುಟ್ಟಿದವಳು ಎಲ್ಲರಿಗೂ ಅದೇ ಹುಟ್ಟುಹಬ್ಬ. ಈಸೂರಿನ ಹುಡುಗರ ವಯಸ್ಸಿನ ಬಗ್ಗೆ ಇಂದಿಗೂ ಒಮ್ಮತವಿಲ್ಲದಿರುವುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಮೇಷ್ಟ್ರು ಅಂದಾಜಿನಲ್ಲಿ ಬರೆದ ಆ ಒಂದು ತಾರೀಕು, ಮುಂದೊಂದು ದಿನ ಹುಡುಗನೊಬ್ಬ ವೀಕ್ಷಣಾಲಯಕ್ಕೋ ಜೈಲಿಗೋ ಎಂಬುದನ್ನು ನಿರ್ಧರಿಸಬಲ್ಲದು.

ಪ್ರೀತಿಸಿದವನೂ ಘೋರ ಅಪರಾಧಿ

ಹದಿನಾರರ ಗೆರೆ ಯಾರಿಗೆ ತಾಗುತ್ತಿದೆ ಎಂಬುದನ್ನೂ ನೋಡಬೇಕು. ದೆಹಲಿಯ ಪ್ರಕರಣವನ್ನು ಕಣ್ಣಮುಂದಿಟ್ಟುಕೊಂಡು ಎಳೆದ ಗೆರೆಯಿದು. ಆದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ಬಳಿಕ ಅಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹೀಗಾಗಿ ಒಂದೇ ಕಾಲೇಜಿನ ಹದಿನೇಳರ ಹುಡುಗ, ಹುಡುಗಿ ಪ್ರೀತಿಸಿ ಮನೆಬಿಟ್ಟು ಹೋಗಿ, ಹುಡುಗಿಯ ಮನೆಯವರು ದೂರು ಕೊಟ್ಟರೆ, ಹುಡುಗನ ಮೇಲೆ ಬರಬಹುದಾದ ಆರೋಪ ಕಾಯ್ದೆಯ ಲೆಕ್ಕದಲ್ಲಿ ಘೋರ ಅಪರಾಧವೇ. ಅವನನ್ನು ದೊಡ್ಡವನಂತೆ ವಿಚಾರಿಸಬೇಕೇ ಎಂಬ ಪರಿಶೀಲನೆಗೆ ಅವನೂ ಒಳಗಾಗಬೇಕು. ಜಾತಿ ಬೇರೆಯಾಗಿದ್ದರೆ ದೂರು ಇನ್ನೂ ಬೇಗ ಠಾಣೆ ಮುಟ್ಟುತ್ತದೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥದೇ ಪ್ರಕರಣವೊಂದರಲ್ಲಿ, ಹದಿನಾರು ದಾಟಿದ ಹುಡುಗಿಯರ ಪ್ರೇಮ ಪ್ರಕರಣಗಳು ಹೆಚ್ಚುತ್ತಿರುವುದನ್ನು ಗಮನಿಸಿ, ವಯಸ್ಸಿನ ಮಾನದಂಡವನ್ನು ಕಾನೂನು ಆಯೋಗ ಮತ್ತೆ ಪರಿಶೀಲಿಸಬೇಕು ಎಂದಿತು. ಆಯೋಗ 2023ರ ಸೆಪ್ಟೆಂಬರ್‌ನ ವರದಿಯಲ್ಲಿ ವಯಸ್ಸು ಇಳಿಸಲು ಒಪ್ಪಲಿಲ್ಲ. ಹದಿನಾರರಿಂದ ಹದಿನೆಂಟರ ನಡುವಿನವರ ಒಲವಿನ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆಯನ್ನು ನ್ಯಾಯಾಲಯಗಳಿಗೆ ಕೊಡಬಹುದೆಂದಿತು. ಹುಡುಗಿಯರ ಮೇಲಿನ ದೌರ್ಜನ್ಯ ತಡೆಯಲು ಕಟ್ಟಿದ ಬೇಲಿ ಸಡಿಲವಾಗಬಾರದೆಂಬ ಆಯೋಗದ ಆತಂಕವೂ ಸುಳ್ಳಲ್ಲ. ಆದರೆ ಒಂದೇ ಬೇಲಿಗೆ ಅತ್ಯಾಚಾರಿಯೂ ಸಿಲುಕುತ್ತಾನೆ, ಪ್ರೇಮಿಯೂ ಸಿಲುಕುತ್ತಾನೆ ಎಂಬುದೂ ಸುಳ್ಳಲ್ಲ.

ಹದಿಹರೆಯದವರ ಅಪರಾಧಗಳು ಮಿತಿಮೀರುತ್ತಿವೆ ಎಂಬ ಭಾವನೆ ವ್ಯಾಪಕವಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ದಾಖಲಾದ ಅಪರಾಧಗಳು 58 ಲಕ್ಷಕ್ಕೂ ಹೆಚ್ಚು; ಅವುಗಳಲ್ಲಿ ಹದಿನೆಂಟರೊಳಗಿನವರ ಮೇಲಿನವು 30 ಸಾವಿರದ ಆಸುಪಾಸು. ನೂರಕ್ಕೆ ಒಂದೂ ಆಗದು. ಹಿಡಿದು ತಂದವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವರು ಹದಿನಾರರಿಂದ ಹದಿನೆಂಟರ ನಡುವಿನವರು. ಎಂದರೆ ಎಸ್ಸೆಸ್ಸೆಲ್ಸಿ ಮುಗಿಸಿ ಅಥವಾ ಅರ್ಧಕ್ಕೇ ಬಿಟ್ಟು, ಮುಂದೇನು ಎಂದು ತೋಚದೆ ನಿಂತಿರುವ ವಯಸ್ಸಿನವರು.

ತಾಲ್ಲೂಕಿನಿಂದ ಜಿಲ್ಲೆಗೆ

ಕಾಯ್ದೆ ದೆಹಲಿಯಲ್ಲಿ ಆಗುತ್ತದೆ. ಅದರ ಪರೀಕ್ಷೆ ನಡೆಯುವುದು ತಾಲ್ಲೂಕಿನಲ್ಲಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆ ರಾತ್ರೋರಾತ್ರಿ ಮಾಯವಾಗುತ್ತದೆ. ಮಂಡಿಯಲ್ಲಿ ಅಡಿಕೆಯ ಧಾರಣೆ ಏರಿದಾಗಲೆಲ್ಲ ಮಲೆನಾಡಿನಲ್ಲಿ ಕೇಳಿಬರುವ ಕಳ್ಳತನವಿದು. ಸಿಕ್ಕಿಬಿದ್ದವನು ಹದಿನಾರರ ಹುಡುಗ.

ಕಾಯ್ದೆಯ ಪ್ರಕಾರ ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು. ಅವರು ಸಮವಸ್ತ್ರವಿಲ್ಲದೆ ಅವನೊಂದಿಗೆ ಮಾತನಾಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಕೂರುವ ಕೋಣೆ ಕೋರ್ಟಿನಂತೆ ಕಾಣಬಾರದು. ಎತ್ತರದ ಪೀಠವಾಗಲಿ ಕಟಕಟೆಯಾಗಲಿ ಇರಬಾರದು. ಪ್ರೊಬೇಷನ್ ಅಧಿಕಾರಿ ಹುಡುಗನ ಮನೆಗೆ ಹೋಗಿ, ಅಪ್ಪ ಕುಡಿಯುತ್ತಾನೆಯೇ, ಶಾಲೆ ಏಕೆ ಬಿಟ್ಟ, ಜೊತೆಯವರು ಯಾರು ಎಂಬುದನ್ನೆಲ್ಲ ವಿಚಾರಿಸಿ ಎರಡು ವಾರದಲ್ಲಿ ವರದಿ ಕೊಡಬೇಕು. ಅದನ್ನು ನೋಡಿ ಮಂಡಳಿ ಬುದ್ಧಿ ಹೇಳಿ ಕಳುಹಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಸನ್ನಡತೆಯ ಮೇಲೆ ಮನೆಯವರ ವಶಕ್ಕೆ ಕೊಡಬಹುದು. ಬೇರೆ ದಾರಿಯಿಲ್ಲವೆನಿಸಿದರೆ ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ಓದಲು ಸೊಗಸಾದ ವ್ಯವಸ್ಥೆ.

ಆದರೆ ಕಾನೂನು ಕೇಳುವುದು ಜಿಲ್ಲೆಗೊಂದು ಮಂಡಳಿಯನ್ನು; ಈ ಸೀಮೆಯವರ ಪಾಲಿಗೆ ಅದು ಶಿವಮೊಗ್ಗ. ಸಾಗರ, ಹೊಸನಗರ, ತೀರ್ಥಹಳ್ಳಿ ಪಟ್ಟಣಗಳಿಂದ ಅಲ್ಲಿಗೆ ಅರವತ್ತರಿಂದ ಎಪ್ಪತ್ತೈದು ಕಿಲೋಮೀಟರ್. ಪಟ್ಟಣಕ್ಕೆ ಬರುವುದೇ ಒಂದು ಪ್ರಯಾಣವಾಗಿರುವ ಹಳ್ಳಿಗಳು ಇಲ್ಲಿ ಕಡಿಮೆಯಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಲಾಂಚ್ ಹತ್ತಿಯೇ ಸಾಗರಕ್ಕೆ ಬರಬೇಕಿತ್ತು. ಹುಡುಗನ ಜೊತೆ ಪ್ರತಿ ವಾಯಿದೆಗೂ ಬರಬೇಕಾದ ತಾಯಿ ತೋಟದ ಕೂಲಿಯಾಳಾಗಿದ್ದರೆ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಮೇಲೆ ಬಿತ್ತು. ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕೆಂಬ ನಿಯಮ ಎಷ್ಟು ಮುಖ್ಯವೆಂದು ಅರ್ಥವಾಗುವುದು ಆ ತಾಯಿಯ ಲೆಕ್ಕದಲ್ಲಿ. ಪ್ರೊಬೇಷನ್ ಅಧಿಕಾರಿಗೂ ದಾರಿ ಅಷ್ಟೇ ದೂರ. ಮಳೆಗಾಲದಲ್ಲಿ ಘಟ್ಟದಂಚಿನ ಹಳ್ಳಿಯ ಮನೆಯನ್ನು ನೋಡಿ ಬರೆದ ವರದಿಗೂ, ಶಿವಮೊಗ್ಗದ ಮೇಜಿನ ಮೇಲೆ ಅಪ್ಪನ ಬಾಯಿಂದ ಕೇಳಿ ಬರೆದ ವರದಿಗೂ ವ್ಯತ್ಯಾಸವಿದೆ. ಹುಡುಗನ ಮುಂದಿನ ಮೂರು ವರ್ಷ ಆ ವ್ಯತ್ಯಾಸದ ಮೇಲೆ ನಿಂತಿರುತ್ತದೆ.

ದೂರವನ್ನು ಕಡಿಮೆ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಒಂದು ಜಿಲ್ಲೆಗೆ ಒಂದಕ್ಕಿಂತ ಹೆಚ್ಚು ಮಂಡಳಿ ಇರಬಹುದೆಂದು ಈಗಿರುವ ಕಾಯ್ದೆಯೇ ಹೇಳುತ್ತದೆ. ಮಂಡಳಿ ಕೂರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು. ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಬಡವರ ಮಕ್ಕಳಿಗೆ ಉಚಿತ ವಕೀಲರನ್ನು ಕೊಡುವುದು ಅವುಗಳ ಕೆಲಸವೇ. ಇರುವ ಅವಕಾಶಗಳನ್ನು ಕೂಡಿಸಿ ಬಳಸುವ ಮನಸ್ಸಷ್ಟೇ ಬೇಕು.

ಇನ್ನೊಂದು ಬದಲಾವಣೆ ಆಗಲೇ ಕಣ್ಣಿಗೆ ಬೀಳುತ್ತಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ತಪ್ಪು ಮಾಡಿದರೆ ಹೊಣೆ ತಂದೆತಾಯಿಯದು ಅಥವಾ ವಾಹನದ ಮಾಲೀಕರದು. 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗನ ಕೈಗೆ ಬೈಕ್ ಕೊಟ್ಟ ಅಪ್ಪನಿಗೆ ದಂಡ ಬಿದ್ದ ಸುದ್ದಿ ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳಿಂದ ಆಗಾಗ ಬರುತ್ತಿರುತ್ತದೆ. ಅಪ್ಪನ ಕೈಯಿಂದ ದಂಡ ಕಟ್ಟಿಸುತ್ತಿದ್ದ ಹಳೆಯ ಊರ ನ್ಯಾಯಕ್ಕೂ ಇದಕ್ಕೂ ಹೋಲಿಕೆಯಿದೆ. ಹುಡುಗನ ತಪ್ಪಿನಲ್ಲಿ ದೊಡ್ಡವರ ಪಾಲೆಷ್ಟು ಎಂದು ಕಾನೂನು ಕೇಳತೊಡಗಿದೆ.

ಕಡತ ಮತ್ತು ಬದುಕು

ಬಾಲ ನ್ಯಾಯ ಕಾಯ್ದೆಯ ಎರಡು ಅಂಶಗಳು ಹೆಚ್ಚು ಪ್ರಚಾರ ಪಡೆದಿಲ್ಲ. ಒಂದು, ಹುಡುಗನ ಹೆಸರು, ಊರು, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಯಾಗಲಿ ಬೇರೆ ಯಾರಾಗಲಿ ಪ್ರಕಟಿಸುವಂತಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ, ಮೊಬೈಲಿನಿಂದ ಮೊಬೈಲಿಗೆ ಚಿತ್ರ ಹಾರುವ ಕಾಲದಲ್ಲಿ, ಇದನ್ನು ಪಾಲಿಸುವುದೇ ಕಷ್ಟ. ಇನ್ನೊಂದು, ಮಂಡಳಿಯ ಆದೇಶದಿಂದ ಹುಡುಗನ ಮುಂದಿನ ಬದುಕಿಗೆ ಯಾವ ಅನರ್ಹತೆಯೂ ಅಂಟಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ಕಡತವನ್ನೇ ನಾಶಮಾಡಬೇಕು. ಹದಿನಾರು ದಾಟಿ ಘೋರ ಅಪರಾಧದಲ್ಲಿ ದೊಡ್ಡವನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆನಿಸಿದವನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯನ್ನು ಶಿಕ್ಷೆಯ ಪರವಾಗಿ ಬಳಸುವವರೇ ಹೆಚ್ಚು. ಗಿಡವಾಗಿದ್ದಾಗಲೇ ಬಗ್ಗುವುದು, ಆಗಲೇ ಮುರಿಯಬೇಡಿ ಎಂಬ ಅರ್ಥವೂ ಅದರಲ್ಲಿದೆ.

ಈ ಮೂರು ತಾಲ್ಲೂಕುಗಳ ಜನರಿಗೆ ಅದರ ಅರ್ಥ ತಿಳಿಯಲು ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ. 1942ರ ಚಳವಳಿಗೆ ಧುಮುಕಿ ಜೈಲು ಸೇರಿದಾಗ ಅವರಿನ್ನೂ ಹತ್ತೊಂಬತ್ತರ ವಿದ್ಯಾರ್ಥಿ. ಸರ್ಕಾರದ ಕಣ್ಣಿನಲ್ಲಿ ಅಂದು ಅವರೂ ಅಪರಾಧಿಯೇ. ಹತ್ತು ವರ್ಷಗಳ ಬಳಿಕ, 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರದ ಮತದಾರರು ಅವರನ್ನು ಶಾಸನಸಭೆಗೆ ಕಳುಹಿಸಿದರು. ಮುಂದೆ ತೀರ್ಥಹಳ್ಳಿಯೂ ಆರಿಸಿ ಕಳುಹಿಸಿತು. ದೇಶಕ್ಕಾಗಿ ಜೈಲಿಗೆ ಹೋದವರನ್ನೂ ಅಡಿಕೆ ಕದ್ದು ಸಿಕ್ಕಿಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಹತ್ತೊಂಬತ್ತರಲ್ಲಿ ಬರೆದ ಒಂದು ಕಡತ ಮನುಷ್ಯನ ಇಡೀ ಬದುಕನ್ನು ಹೇಳಲಾರದು ಎಂಬ ಮಾತು ಇಬ್ಬರಿಗೂ ಸಲ್ಲುತ್ತದೆ.

ಹದಿನಾರೋ ಹದಿನೆಂಟೋ ಎಂಬ ಚರ್ಚೆ ಮುಂದೆಯೂ ನಡೆಯುತ್ತದೆ. ಇನ್ನೊಂದು ಘೋರ ಘಟನೆಯಾದ ದಿನ ಗೆರೆ ಮತ್ತೆ ಅಲುಗಾಡಬಹುದು. ಗೆರೆ ಎಲ್ಲಿದ್ದರೂ ಅದರ ಈಚೆಗೆ ನಿಂತ ಹುಡುಗನಿಗೆ ಮುಖ್ಯವಾಗುವುದು ಬೇರೆ ಸಂಗತಿಗಳು. ಸಮವಸ್ತ್ರ ಕಳಚಿ ಮಾತನಾಡಿಸುವ ಪೊಲೀಸರು, ಮನೆಯವರೆಗೆ ನಡೆದುಬರುವ ಅಧಿಕಾರಿ, ತಪ್ಪದೆ ಸೇರುವ ಮಂಡಳಿ, ಮತ್ತೆ ಸೇರಿಸಿಕೊಳ್ಳುವ ಶಾಲೆ. ಈಸೂರಿನ ಜನ 1942ರಲ್ಲಿ ಇಬ್ಬರು ಹುಡುಗರನ್ನು ಮುಂದೆ ನಿಲ್ಲಿಸಿದ್ದು, ಎಂಥ ಸರ್ಕಾರವಾದರೂ ಮಕ್ಕಳ ವಿಷಯದಲ್ಲಿ ಕೈ ತಡೆದೀತು ಎಂಬ ಭರವಸೆಯಿಂದ. ಪರಕೀಯರ ಕೈಕೆಳಗಿನ ಆಡಳಿತದ ಮೇಲೂ ಇಟ್ಟ ಆ ಭರವಸೆಯನ್ನು ಸ್ವಂತ ಸರ್ಕಾರ ಉಳಿಸಿಕೊಂಡಿದೆಯೇ ಎಂಬುದಕ್ಕೆ ಉತ್ತರ ಹೊಸನಗರದ ಬಸ್ ನಿಲ್ದಾಣದಲ್ಲಿ ಮಗನ ಕೈಹಿಡಿದು ಶಿವಮೊಗ್ಗದ ಬಸ್ಸಿಗೆ ಕಾಯುವ ತಾಯಿಯ ಬಳಿ ಇದೆ.